ಏರಿಯ ಮೇಲೆ ಇಟಲಿ

ಗಾರ್ದಾ ಸರೋವರದಿಂದ ಮಾಂತೋವಾ, ಅಲ್ಲಿಂದ ಫೆರಾರಾ: ನೀರಿನ ಪಕ್ಕದಲ್ಲೇ ಸಾಗುವ ಸೈಕಲ್ ದಾರಿ

ಗಾರ್ದಾ ಸರೋವರದ ನೀರು ನಿಂತಿರುವುದು ಸಮುದ್ರಮಟ್ಟದಿಂದ ಸುಮಾರು 65 ಮೀಟರ್ ಎತ್ತರದಲ್ಲಿ. ದಕ್ಷಿಣಕ್ಕಿರುವ ಮಾಂತೋವಾ ಊರಿನ ಎತ್ತರ ಸುಮಾರು 20 ಮೀಟರ್. ಇವೆರಡರ ನಡುವಿನ ಸೈಕಲ್ ದಾರಿ 45 ಕಿಲೋಮೀಟರಿಗೆ ತುಸು ಕಡಿಮೆ. ಅಂದರೆ ಕಿಲೋಮೀಟರಿಗೆ ಒಂದು ಮೀಟರ್ ಇಳಿಜಾರು. ಇದೆ ಎಂದು ಹೇಳಿದರಷ್ಟೇ ಗೊತ್ತಾಗಬೇಕು. ಟಿವಿಯಲ್ಲಿ ಜಿರೋ ದಿ ಇತಾಲಿಯಾ ಸೈಕಲ್ ಓಟ ನೋಡಿ, ಇಟಲಿಯಲ್ಲಿ ಸೈಕಲ್ ತುಳಿಯುವುದೆಂದರೆ ಹಿಮಬೆಟ್ಟದ ಹೇರ್‌ಪಿನ್ ತಿರುವುಗಳಲ್ಲಿ ಏದುಸಿರು ಬಿಡುವುದು ಎಂದುಕೊಂಡವರಿಗೆ ಇದು ಬೇರೆಯದೇ ದೇಶ. ಇಲ್ಲಿ ಎಪ್ಪತ್ತರ ಅಜ್ಜಂದಿರೂ ತುಳಿಯುತ್ತಾರೆ, ಹಿಂದಿನ ಸೀಟಿನಲ್ಲಿ ಮಗುವನ್ನು ಕಟ್ಟಿಕೊಂಡ ತಾಯಂದಿರೂ ತುಳಿಯುತ್ತಾರೆ.

ಸಮತಟ್ಟು ದಾರಿ ಎಂದರೆ ಸಪ್ಪೆ ದಾರಿ ಎಂಬ ಮಾತಿದೆ. ನಾನು ಒಪ್ಪುವುದಿಲ್ಲ. ಈ ಬಯಲು ತಾನಾಗಿ ಹೀಗೆ ಉಳಿದದ್ದಲ್ಲ. ಸಾವಿರ ವರ್ಷಗಳಿಂದ ಜನ ಇಲ್ಲಿ ನೀರನ್ನು ತಡೆದಿದ್ದಾರೆ, ತಿರುಗಿಸಿದ್ದಾರೆ, ಒಬ್ಬರ ಮೇಲೊಬ್ಬರು ಆಯುಧವಾಗಿ ಪ್ರಯೋಗಿಸಿದ್ದಾರೆ. ನಾವು ಸೈಕಲ್ ಓಡಿಸುವ ಜಾಗದ ಬಹುಪಾಲು ಆ ಜಗಳದಲ್ಲಿ ಎದ್ದ ಮಣ್ಣು.

ಹೊರಡುವುದು ಪೆಸ್ಕಿಯೇರಾ ದೆಲ್ ಗಾರ್ದಾದಿಂದ. ಮಿಲಾನ್–ವೆನಿಸ್ ರೈಲು ಮಾರ್ಗದಲ್ಲೇ ಇರುವ ಊರು, ಬಾಡಿಗೆ ಸೈಕಲ್ಲಿಗೆ ಬರವಿಲ್ಲ. ಸರೋವರದ ನೀರು ಮಿಂಚೊ ನದಿಯಾಗಿ ಹೊರಬೀಳುವುದು ಇಲ್ಲೇ. ಆ ಬಾಯಿಯನ್ನು ಕಾಯಲು ವೆನಿಸ್ ಗಣರಾಜ್ಯ ಕಟ್ಟಿಸಿದ ಐದು ಮೂಲೆಯ ಕೋಟೆ 2017ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಬೇಸಿಗೆಯ ಪ್ರವಾಸಿಗರ ಗದ್ದಲ ದಾಟಿ ಕೋಟೆಗೋಡೆಯ ಬುಡದಿಂದ ದಾರಿ ಹಿಡಿದರೆ ಸ್ವಲ್ಪ ಹೊತ್ತಿಗೆಲ್ಲ ಪೊಪ್ಲಾರ್ ಮರಗಳ ನೆರಳು, ಜೊಂಡು, ಹಸಿರು ನೀರು.

ಮುಂದೆ ಬೊರ್ಗೆತ್ತೊ ಎಂಬ ಹಳ್ಳಿ. ನೀರುಗಿರಣಿಗಳ ಚಕ್ರಗಳು ಈಗಲೂ ತಿರುಗುತ್ತವೆ. ಫೋಟೊ ಹೊಡೆಯುವವರ ಸಾಲೂ ಅಷ್ಟೇ ಉದ್ದ. ಆದರೆ ತಲೆಯೆತ್ತಿ ನೋಡಬೇಕಾದದ್ದು ಕಣಿವೆಗೆ ಅಡ್ಡಲಾಗಿ ನಿಂತ ಮುರುಕು ಗೋಪುರಗಳ ವಿಸ್ಕೊಂತಿ ಸೇತುವೆಯನ್ನು. 1393ರಲ್ಲಿ ಮಿಲಾನಿನ ದೊರೆ ಜಾನ್ ಗಲೆಯಾತ್ಸೊ ವಿಸ್ಕೊಂತಿ ಕಟ್ಟಿಸಿದ, ಸುಮಾರು 650 ಮೀಟರ್ ಉದ್ದದ ಕೋಟೆ-ಅಣೆಕಟ್ಟು ಇದು. ಕೆಳಗಿನ ಮಾಂತೋವಾ ನಾಲ್ಕು ಕಡೆ ನೀರಿದ್ದ ಊರು, ಆ ನೀರೇ ಅದರ ರಕ್ಷಣೆ. ನದಿಯನ್ನೇ ಬೇರೆಡೆ ತಿರುಗಿಸಿದರೆ ಊರು ಬಟ್ಟಬಯಲಾಗುತ್ತದೆ, ಆಮೇಲೆ ನುಗ್ಗಬಹುದು ಎಂಬುದು ದೊರೆಯ ಲೆಕ್ಕ. ಲೆಕ್ಕ ಕೈಗೂಡಲಿಲ್ಲ. ಈಗ ವರ್ಷಕ್ಕೊಮ್ಮೆ ಜೂನ್ ತಿಂಗಳಲ್ಲಿ ಅದೇ ಸೇತುವೆಯ ಮೇಲೆ ಉದ್ದಕ್ಕೂ ಮೇಜು ಹಾಕಿ ಸಾವಿರಾರು ಜನರಿಗೆ ತೊರ್ತೆಲ್ಲಿನಿ ಪಾಸ್ತಾದ ಊಟ ಬಡಿಸುತ್ತಾರೆ.

ಇಲ್ಲಿಂದ ಮುಂದೆ ದಾರಿ ಕಾಲುವೆಯ ಪಕ್ಕ ನೇರವಾಗಿ, ಕೊಂಚ ಬೇಸರ ಬರುವಷ್ಟು ನೇರವಾಗಿ ಓಡುತ್ತದೆ. ಮೆಕ್ಕೆಜೋಳ, ಕಿವಿ ಹಣ್ಣಿನ ತೋಟ, ದನದ ಕೊಟ್ಟಿಗೆ. ಬೇಗ ದಾಟಿಬಿಡಬಹುದು.

ಮಾಂತೋವಾ ದೂರದಿಂದ ಕಾಣುವಾಗ ನೀರಿನ ಮೇಲೆ ತೇಲಿದಂತಿರುತ್ತದೆ. 12ನೆಯ ಶತಮಾನದ ಕೊನೆಯಲ್ಲಿ ಆಲ್ಬೆರ್ತೊ ಪಿತೆಂತಿನೊ ಎಂಬ ಎಂಜಿನಿಯರ್ ಮಿಂಚೊವನ್ನು ತಡೆದು ಊರ ಸುತ್ತ ನಾಲ್ಕು ಕೆರೆ ನಿಲ್ಲಿಸಿದ. ಇಂದು ಮೂರು ಉಳಿದಿವೆ. ಜುಲೈ–ಆಗಸ್ಟ್‌ನಲ್ಲಿ ಹೋದರೆ ಮೇಲಿನ ಕೆರೆಯ ತುಂಬ ತಾವರೆ. ಯೂರೋಪಿನ ನಟ್ಟನಡುವೆ ಇದೇನು ಎಂದು ಕಣ್ಣುಜ್ಜಿಕೊಳ್ಳಬೇಡಿ, ಅದು ನಮ್ಮ ಕೆರೆಗಳ ತಾವರೆಯೇ. 1921ರಲ್ಲಿ ಇಲ್ಲಿಗೆ ತಂದು ನೆಟ್ಟದ್ದು ಹಬ್ಬಿ ಹಬ್ಬಿ, ಈಗ ದೋಣಿ ಓಡಾಡಲು ಕತ್ತರಿಸಿ ಜಾಗ ಮಾಡಬೇಕಾಗಿದೆ.

ಗೊನ್ಜಾಗಾ ಮನೆತನ ಸುಮಾರು ನಾಲ್ಕು ಶತಮಾನ ಆಳಿದ ಊರು ಇದು. ಅವರ ಅರಮನೆಯಲ್ಲಿ ಐನೂರರಷ್ಟು ಕೋಣೆಗಳಿವೆ ಎನ್ನುತ್ತಾರೆ. ಎಲ್ಲವನ್ನೂ ನೋಡುವ ಹುಚ್ಚು ಬೇಡ. ಸಮಯವನ್ನೆಲ್ಲ ಒಂದೇ ಕೋಣೆಗೆ ಮೀಸಲಿಡಿ. ಆಂದ್ರೆಯಾ ಮಾಂತೆನ್ಯಾ 1465ರಿಂದ 1474ರವರೆಗೆ ಚಿತ್ರ ಬರೆದ, ಎಂಟು ಮೀಟರ್ ಉದ್ದಗಲದ ಕೋಣೆ ಅದು. ಗೋಡೆಯಲ್ಲಿ ದೊರೆ ಲುದೊವಿಕೊ ಕೈಯಲ್ಲಿ ಕಾಗದ ಹಿಡಿದು ಪಕ್ಕದವನ ಮಾತಿಗೆ ಕಿವಿಗೊಟ್ಟಿದ್ದಾನೆ. ಕುರ್ಚಿಯ ಕೆಳಗೆ ಅವನ ಕಂದುಬಣ್ಣದ ನಾಯಿ ಮುದುಡಿ ಮಲಗಿದೆ. ರಾಜ್ಯಭಾರದ ಗಾಂಭೀರ್ಯವೆಲ್ಲ ಮೇಲೆ, ನಿಜವಾದ ನೆಮ್ಮದಿ ಆ ಕುರ್ಚಿಯಡಿ. ಕತ್ತೆತ್ತಿದರೆ ಛಾವಣಿಯಲ್ಲಿ ದುಂಡನೆಯ ಕಿಂಡಿ, ಅದರಾಚೆ ನೀಲಿ ಆಕಾಶ. ಕಟ್ಟೆಗೆ ಒರಗಿದ ಹೆಂಗಸರು ನಮ್ಮನ್ನೇ ನೋಡಿ ನಗುತ್ತಿದ್ದಾರೆ, ಒಂದು ನವಿಲು ಕೂತಿದೆ. ಒಂದೇ ಒಂದು ಕೋಲಿನ ಆಸರೆಯಲ್ಲಿ ಗಿಡದ ದೊಡ್ಡ ಕುಂಡವೊಂದು ನಮ್ಮ ನೆತ್ತಿಯ ಮೇಲೇ ನಿಂತಿದೆ. ಯಾರಾದರೂ ಕೋಲು ಎಳೆದರೆ ಮುಗಿಯಿತು. ಎಲ್ಲವೂ ಬಣ್ಣ, ಕಿಂಡಿಯೂ ಇಲ್ಲ, ಆಕಾಶವೂ ಇಲ್ಲ.

ಅರಮನೆಯ ಉಳಿದ ಗೋಡೆಗಳು ಬೋಳಾಗಿರುವುದಕ್ಕೆ ಕಾರಣವಿದೆ. ಸಾಲದಲ್ಲಿ ಮುಳುಗಿದ ಗೊನ್ಜಾಗಾಗಳು 1620ರ ದಶಕದ ಕೊನೆಯಲ್ಲಿ ತಮ್ಮ ಚಿತ್ರಸಂಗ್ರಹದ ಬಹುಭಾಗವನ್ನು ಇಂಗ್ಲೆಂಡಿನ ಒಂದನೆಯ ಚಾರ್ಲ್ಸ್ ದೊರೆಗೆ ಮಾರಿಬಿಟ್ಟರು. ಉಳಿದದ್ದನ್ನು 1630ರಲ್ಲಿ ಪವಿತ್ರ ರೋಮನ್ ಚಕ್ರಾಧಿಪತ್ಯದ ಸೈನಿಕರು ದೋಚಿದರು. ಗೋಡೆಗೇ ಬರೆದಿದ್ದ ಮಾಂತೆನ್ಯಾನ ಕೋಣೆ ಹೊತ್ತೊಯ್ಯಲಾಗದ್ದರಿಂದ ಉಳಿಯಿತು.

ಸೈಕಲ್ಲಿನಲ್ಲಿ ಬಂದವರು ನೆನೆಯಬೇಕಾದ ಇನ್ನೊಬ್ಬ ಮಾಂತೋವಾದವನಿದ್ದಾನೆ. ಪಕ್ಕದ ಬಾನ್ಯೋಲೊ ಸಾನ್ ವೀತೊದಲ್ಲಿ 1902ರಲ್ಲಿ ಹುಟ್ಟಿದ ಲೆಯಾರ್ಕೊ ಗ್ವೆರಾ. 1931ರ ಜಿರೋದ ಮೊದಲ ದಿನದ ಓಟ ಮಿಲಾನಿನಿಂದ ಮಾಂತೋವಾಕ್ಕೆ. ತನ್ನೂರಿನಲ್ಲೇ ಗುರಿ ಮುಟ್ಟಿ ಗೆದ್ದ ಗ್ವೆರಾ, ಅದೇ ವರ್ಷ ಜಾರಿಗೆ ಬಂದ ಗುಲಾಬಿ ಜೆರ್ಸಿಯನ್ನು ತೊಟ್ಟ ಮೊದಲಿಗನಾದ. ಓಟ ನಡೆಸುವ ಪತ್ರಿಕೆಯ ಕಾಗದದ ಬಣ್ಣ ಗುಲಾಬಿ, ಹಾಗಾಗಿ ಜೆರ್ಸಿಯೂ ಗುಲಾಬಿ.

ಊಟದ ಮಾತು. ಮಾಂತೋವಾದ ಹೆಮ್ಮೆ ಕುಂಬಳಕಾಯಿಯ ತೊರ್ತೆಲ್ಲಿ: ಬೇಯಿಸಿ ನುಣ್ಣಗೆ ಮಾಡಿದ ಸಿಹಿಗುಂಬಳ, ಪುಡಿ ಮಾಡಿದ ಅಮರೆತ್ತಿ ಬಿಸ್ಕತ್ತು, ಸಾಸಿವೆಯ ಘಾಟಿರುವ ಹಣ್ಣಿನ ಮೊಸ್ತಾರ್ದಾ, ಚೀಸ್, ಇಷ್ಟನ್ನೂ ತೆಳು ಹಿಟ್ಟಿನ ಹಾಳೆಯಲ್ಲಿ ಮಡಿಸಿ ಕುದಿಸುತ್ತಾರೆ. ಹೂರಣದ ಕಡುಬಿಗೆ ಬೆಣ್ಣೆ ಸುರಿದು ಊಟದ ಮೊದಲಿಗೇ ಬಡಿಸಿದಂತೆ. ನಮ್ಮ ನಾಲಿಗೆಗೆ ಕೂಡಲೇ ಹೊಂದುತ್ತದೆ. ಶುದ್ಧ ಸಸ್ಯಾಹಾರಿಗಳು ಒಂದು ವಿಷಯ ತಿಳಿದಿರಬೇಕು: ಇಲ್ಲಿನ ಗ್ರಾನಾ ಚೀಸನ್ನು ಹೆಪ್ಪುಗಟ್ಟಿಸುವುದು ಕರುವಿನ ಹೊಟ್ಟೆಯಿಂದ ತೆಗೆದ ಕಿಣ್ವದಿಂದ. ಅದೇ ಕುಂಬಳ ಫೆರಾರಾದಲ್ಲಿ ಕಪ್ಪೆಲ್ಲಾಚಿ ಎಂಬ ಹೆಸರಿನಲ್ಲಿ ಬರುತ್ತದೆ, ಮೇಲೆ ಮಾಂಸದ ಸಾಸ್ ಇರುವುದುಂಟು. 'ಬುರ್ರೊ ಎ ಸಾಲ್ವಿಯಾ' ಎಂದು ಕೇಳಿದರೆ ಬೆಣ್ಣೆ, ಸೇಜ್ ಎಲೆಯಷ್ಟೇ ಹಾಕಿಕೊಡುತ್ತಾರೆ.

ಮಾಂತೋವಾದ ಕೆಳಗೆ ಗೊವೆರ್ನೊಲೊ ಬಳಿ ಮಿಂಚೊ ಪೋ ನದಿಗೆ ಸೇರುತ್ತದೆ. ಕ್ರಿ.ಶ. 452ರಲ್ಲಿ ಹೂಣರ ಅತ್ತಿಲನನ್ನು ಪೋಪ್ ಲಿಯೊ ತಡೆದು ಹಿಂದಕ್ಕೆ ಕಳಿಸಿದ್ದು ಇಲ್ಲೇ ಎಂದು ಪ್ರತೀತಿ. ಸೇತುವೆ ದಾಟಿದರೆ ಸಾನ್ ಬೆನೆದೆತ್ತೊ ಪೋ, 1007ರಲ್ಲಿ ಸ್ಥಾಪನೆಯಾದ ಮಠದ ಸುತ್ತ ಬೆಳೆದ ಊರು. ಇಲ್ಲಿಂದ ದಾರಿಯ ಸ್ವಭಾವವೇ ಬದಲಾಗುತ್ತದೆ.

652 ಕಿಲೋಮೀಟರ್ ಉದ್ದದ ಪೋ ಇಟಲಿಯ ಅತಿ ಉದ್ದದ ನದಿ. ತಂದ ಹೂಳನ್ನು ಶತಮಾನಗಟ್ಟಲೆ ತನ್ನ ಪಾತ್ರದಲ್ಲೇ ಸುರಿದುಕೊಂಡು, ಕೆಳಭಾಗದಲ್ಲಿ ಅದು ಸುತ್ತಲಿನ ನೆಲಕ್ಕಿಂತ ಎತ್ತರದಲ್ಲಿ ಹರಿಯುತ್ತದೆ. ಎರಡೂ ದಡದಲ್ಲಿ ಎರಡಂತಸ್ತಿನ ಮನೆಯಷ್ಟು ಎತ್ತರದ ಮಣ್ಣಿನ ಏರಿ. ಅದರ ನೆತ್ತಿಯೇ ಸೈಕಲ್ ದಾರಿ. ಒಂದು ಬದಿಗೆ ಪೊಪ್ಲಾರ್ ತೋಪುಗಳಾಚೆ ನದಿ, ಇನ್ನೊಂದು ಬದಿಗೆ ಕಾಲಕೆಳಗೆ ಮನೆಗಳ ಹೆಂಚು, ಇಗರ್ಜಿಯ ಗಂಟೆಗೋಪುರ. ಮೇ ತಿಂಗಳಲ್ಲಿ ಪೊಪ್ಲಾರಿನ ಹತ್ತಿ ಹಾರಾಡಿ ಮೂಗು, ಚೈನು ಎರಡಕ್ಕೂ ಮೆತ್ತಿಕೊಳ್ಳುತ್ತದೆ.

ಈ ಏರಿಯನ್ನು ಇಲ್ಲಿನವರು ನೋಡುವ ಕಣ್ಣೇ ಬೇರೆ. ನದಿ ಉಕ್ಕಿದಾಗ ಏರಿಯ ಅಡಿಯಿಂದ ನುಸುಳಿದ ನೀರು ಒಣ ಬದಿಯ ಹೊಲದಲ್ಲಿ ಬುಗ್ಗೆಯಾಗಿ ಏಳುತ್ತದೆ. ತಿಳಿನೀರಾದರೆ ಅಷ್ಟು ಭಯವಿಲ್ಲ. ಮರಳು ಕಲಸಿಕೊಂಡು ಬಂದರೆ ಏರಿಯ ಬುಡ ಕರಗುತ್ತಿದೆ ಎಂದರ್ಥ. ಆಗ ಬುಗ್ಗೆಯ ಸುತ್ತ ಬಾವಿಕಟ್ಟೆಯ ಹಾಗೆ ಮರಳುಚೀಲ ಪೇರಿಸುತ್ತಾರೆ. ಒಳಗೆ ನಿಂತ ನೀರಿನ ಭಾರವೇ ಬುಗ್ಗೆಯ ಒತ್ತಡವನ್ನು ತಗ್ಗಿಸುತ್ತದೆ. ತುಪ್ಪಳಕ್ಕೆಂದು ದಕ್ಷಿಣ ಅಮೆರಿಕದಿಂದ ತಂದ ನೂತ್ರಿಯಾ ಎಂಬ ದಪ್ಪ ಇಲಿಜಾತಿಯ ಪ್ರಾಣಿ ಈಗ ದಡಗಳಲ್ಲಿ ಬಿಲ ತೋಡಿ ಇನ್ನೊಂದು ತಲೆನೋವಾಗಿದೆ. ಸೈಕಲ್ ಸವಾರರಿಗೆ ಅದು ಮುದ್ದಾಗಿ ಕಂಡೀತು. ರೈತರ ಮುಂದೆ ಹಾಗೆನ್ನಬೇಡಿ. 1951ರ ನವೆಂಬರ್ 14ರಂದು ಫೆರಾರಾದ ಎದುರು ದಡದ ಒಕ್ಕಿಯೋಬೆಲ್ಲೊದಲ್ಲಿ ಏರಿ ಒಡೆದಾಗ ನೂರಕ್ಕೂ ಹೆಚ್ಚು ಜನ ಸತ್ತರು, ಸುಮಾರು 1,80,000 ಮಂದಿ ಮನೆ ಕಳೆದುಕೊಂಡರು.

ಏರಿಯ ಮೇಲೆ ದಿಬ್ಬ ಇಲ್ಲ, ಆದರೆ ಎದುರುಗಾಳಿ ಇದೆ, ನೆರಳು ಇಲ್ಲ. ದಿಬ್ಬ ಹತ್ತಿದವರಿಗೆ ಇಳಿತದ ಸುಖವಾದರೂ ಇರುತ್ತದೆ. ಇಲ್ಲಿ ಪೆಡಲು ನಿಲ್ಲಿಸಿದರೆ ಸೈಕಲ್ಲೂ ನಿಂತಿತು. ಮಾಂತೋವಾದಿಂದ ಫೆರಾರಾಕ್ಕೆ ಸುಮಾರು 100 ಕಿಲೋಮೀಟರನ್ನು ಎರಡು ದಿನಕ್ಕೆ ಹಂಚಿಕೊಳ್ಳುವುದು ಲೇಸು.

ಫೆರಾರಾ ಒಂದು ಕಾಲಕ್ಕೆ ಪೋ ದಡದಲ್ಲೇ ಇತ್ತು. 1152ರಲ್ಲಿ ಫಿಕರೋಲೊ ಬಳಿ ದಡ ಒಡೆದು ನದಿ ಉತ್ತರಕ್ಕೆ ಜಾರಿತು, ಊರು ಹಿಂದುಳಿಯಿತು. ಎಸ್ತೆ ದೊರೆಗಳು 1385ರಲ್ಲಿ ಊರ ನಡುವೆ ಎಬ್ಬಿಸಿದ ಕೆಂಪಿಟ್ಟಿಗೆಯ ಕೋಟೆಯ ಕಂದಕದಲ್ಲಿ ಮಾತ್ರ ಇಂದಿಗೂ ನೀರು ತುಂಬಿದೆ. 1492ರಲ್ಲಿ ಬಿಯಾಜೊ ರೊಸ್ಸೆತ್ತಿ ಎಂಬ ವಾಸ್ತುಶಿಲ್ಪಿ ಊರನ್ನು ಹೆಚ್ಚುಕಡಿಮೆ ಇಮ್ಮಡಿಯಾಗಿಸುವ ಬಡಾವಣೆಗೆ ಕೈಹಾಕಿದ. ಅವನು ಎಳೆದ ಅಗಲ ಬೀದಿಗಳು ಐನೂರು ವರ್ಷ ಕಾದು ಸೈಕಲ್ಲಿನ ಪಾಲಾದವು. ಬೆಳಿಗ್ಗೆ ಸಂತೆಗೆ ಹೋಗುವ ಅಜ್ಜಿ, ಸೂಟು ತೊಟ್ಟ ವಕೀಲ, ಇಬ್ಬರೂ ತುಕ್ಕು ಹಿಡಿದ ಹಳೆಯ ಸೈಕಲ್ಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ, ಉರುಟುಕಲ್ಲಿನ ಮೇಲೆ ಗಡಗಡ ಸಾಗುತ್ತಾರೆ. ದುಬಾರಿ ಸೈಕಲ್, ಬಿಗಿ ಚಡ್ಡಿ ಕಂಡರೆ ಪ್ರವಾಸಿ ಎಂದೇ ಲೆಕ್ಕ. ಊರು ಸುತ್ತುವರಿದ ಸುಮಾರು ಒಂಬತ್ತು ಕಿಲೋಮೀಟರ್ ಕೋಟೆಗೋಡೆಯ ಗುಂಟ ಮರಗಳ ನೆರಳಲ್ಲಿ ಒಂದು ಸುತ್ತು ಹಾಕಲೇಬೇಕು. ಜಾರ್ಜೊ ಬಸ್ಸಾನಿಯ ಕಾದಂಬರಿ ಓದಿದ ಅನೇಕರು ಫಿನ್ಸಿ-ಕೊಂತೀನಿಗಳ ತೋಟ ಎಲ್ಲಿ ಎಂದು ಇಲ್ಲಿ ಹುಡುಕುತ್ತಾರೆ. ಅದು ಅವನ ಪುಟಗಳಲ್ಲಿ ಮಾತ್ರ ಇದೆ.

ಇನ್ನೂ ಕಾಲಲ್ಲಿ ಕಸುವಿದ್ದರೆ ಪೋದ ಬಲದಡದ ಏರಿ ಸಮುದ್ರದ ಬಳಿಯ ಗೊರೀನೊವರೆಗೂ ಕರೆದೊಯ್ಯುತ್ತದೆ. ಇಲ್ಲವಾದರೆ ಫೆರಾರಾದಿಂದ ಪ್ರಾದೇಶಿಕ ರೈಲು ಹಿಡಿಯಿರಿ. ಸೈಕಲ್ ಚಿಹ್ನೆಯಿರುವ ಬೋಗಿಗೆ ಸೈಕಲ್ಲನ್ನೂ ಹತ್ತಿಸಬಹುದು, ಅದಕ್ಕೆ ಬೇರೆ ಟಿಕೆಟ್. ವೇಗದ ರೈಲುಗಳಲ್ಲಿ ಬಿಚ್ಚಿ ಚೀಲಕ್ಕೆ ಹಾಕದ ಸೈಕಲ್ಲಿಗೆ ಜಾಗವಿಲ್ಲ. ಏಪ್ರಿಲ್–ಜೂನ್ ಅಥವಾ ಸೆಪ್ಟೆಂಬರ್ ಒಳ್ಳೆಯ ಕಾಲ. ತಾವರೆ ನೋಡಲೇಬೇಕೆಂದು ಜುಲೈನಲ್ಲಿ ಹೋಗುವವರು ಸೆಕೆಯ ಜೊತೆ ಸೊಳ್ಳೆಗೂ ಸಿದ್ಧರಾಗಿ. ಮಧ್ಯಾಹ್ನ ಎರಡೂವರೆಯ ಮೇಲೆ ಹಳ್ಳಿಗಳ ಅಡುಗೆಮನೆ ಮುಚ್ಚಿದರೆ ಮತ್ತೆ ತೆರೆಯುವುದು ರಾತ್ರಿಗೇ. ಮತ್ತೆ, ಮಾಂತೋವಾವನ್ನು ಸೋಮವಾರಕ್ಕೆ ಇಟ್ಟುಕೊಳ್ಳಬೇಡಿ: ಅಂದು ಅರಮನೆಗೆ ರಜೆ.