ಪರಮತದ ದೊರೆ ಇಟ್ಟ ಅಡಿಗಲ್ಲು

1880ರ ಅಕ್ಟೋಬರ್ 15ರಂದು ಜರ್ಮನಿಯ ಕಲೋನ್ ಪಟ್ಟಣಕ್ಕೆ ಹಬ್ಬದ ಕಳೆ ಬಂದಿತ್ತು. 1248ರಲ್ಲಿ ಶುರುವಾದ ಕ್ಯಾಥೊಲಿಕ್ ಕೆಥೆಡ್ರಲ್ ಆರು ನೂರು ವರ್ಷ ದಾಟಿದ ಮೇಲೆ ಅಂತೂ ಮುಗಿದಿತ್ತು. ಚಕ್ರವರ್ತಿ ಒಂದನೆಯ ವಿಲ್ಹೆಲ್ಮ್ ಖುದ್ದಾಗಿ ಬಂದಿದ್ದ. ಆದರೆ ಆ ಚರ್ಚಿನ ಹಿರಿಯರಾದ ಆರ್ಚ್‌ಬಿಷಪ್ ಪೌಲಸ್ ಮೆಲ್ಚರ್ಸ್ ಅವರೇ ಅಲ್ಲಿರಲಿಲ್ಲ. ಸರ್ಕಾರಕ್ಕೂ ಕ್ಯಾಥೊಲಿಕರಿಗೂ ನಡೆದ ಜಟಾಪಟಿಯಲ್ಲಿ ಜೈಲು ಕಂಡಿದ್ದ ಅವರು ಹಾಲೆಂಡಿಗೆ ಹೋಗಿ ತಲೆಮರೆಸಿಕೊಂಡಿದ್ದರು.

ಇದೇ ವಿಲ್ಹೆಲ್ಮ್ ಆಳುತ್ತಿದ್ದ ಪ್ರಶ್ಯದ ಅರಸರು ಪ್ರಾಟೆಸ್ಟಂಟರು. 1815ರಲ್ಲಿ ಅವರ ಪಾಲಾದ ಕಲೋನ್‌ನಲ್ಲಿದ್ದವರು ಹೆಚ್ಚಾಗಿ ಕ್ಯಾಥೊಲಿಕರು. 16ನೇ ಶತಮಾನದಲ್ಲಿ ಕೆಲಸ ನಿಂತಾಗ ಕಲ್ಲೆತ್ತುವ ಮರದ ಕ್ರೇನು ಅರೆಗೋಪುರದ ಮೇಲೆಯೇ ಉಳಿದುಹೋಗಿತ್ತು. ಮುಂದುವರಿಕೆಗೆ 1842ರಲ್ಲಿ ಹೊಸದಾಗಿ ಅಡಿಗಲ್ಲಿಟ್ಟವನು ಪ್ರಾಟೆಸ್ಟಂಟ್ ದೊರೆ ನಾಲ್ಕನೇ ಫ್ರೆಡರಿಕ್ ವಿಲ್ಹೆಲ್ಮ್. ಕಲೋನ್ ಗೋಪುರ ಅವನಿಗೆ ಜರ್ಮನರ ಒಗ್ಗಟ್ಟಿನ ಗುರುತೂ ಆಗಿತ್ತು.

ಇದೇ ಕಲೋನ್ ಚರ್ಚಿನ ಛಾಯೆ ಮೈಸೂರಿನ ಲಷ್ಕರ್ ಮೊಹಲ್ಲಾದಲ್ಲಿದೆ. ಸಂತ ಫಿಲೋಮಿನಾ ಕೆಥೆಡ್ರಲ್‌ಗೆ 1933ರ ಅಕ್ಟೋಬರ್ 28ರಂದು ಅಡಿಗಲ್ಲಿಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ಅದಕ್ಕೂ ಮೊದಲು, 1843ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲೇ ಅಲ್ಲೊಂದು ಚರ್ಚು ಎದ್ದಿತ್ತು. ಪ್ರಶ್ಯದಲ್ಲಿ ದೊರೆಗೂ ಬಿಷಪ್‌ಗೂ ಹಗ್ಗಜಗ್ಗಾಟ. ಮೈಸೂರಿನಲ್ಲಿ ಅಂಥ ಗೊಡವೆ ಇರಲಿಲ್ಲ. ಅರಸರ ಹುಜೂರ್ ಕಾರ್ಯದರ್ಶಿಯೇ ಕ್ಯಾಥೊಲಿಕರು, ತಂಬೂ ಚೆಟ್ಟಿ. 1926ರಲ್ಲಿ ಪೋಪರ ಪ್ರತಿನಿಧಿ ಪೀಟರ್ ಪಿಸಾನಿಯವರಿಂದ ಸಂತ ಫಿಲೋಮಿನಾಳ ಪವಿತ್ರ ಅವಶೇಷ ತರಿಸಿಕೊಂಡ ಅವರು ಅದನ್ನು ಫಾದರ್ ಕೋಶೆ ಅವರ ಕೈಗಿತ್ತರು. ಅದಕ್ಕೆ ತಕ್ಕ ಚರ್ಚು ಬೇಕೆಂದು ಫಾದರ್ ಅರಮನೆಗೆ ಹೋದರು. ಕೆಲಸ ಮುಂದೆ ಸಾಗಿದ್ದು ಫ್ರೆಂಚ್ ಬಿಷಪ್ ರೆನೆ ಫ್ಯೂಗಾ ಅವರ ಉಸ್ತುವಾರಿಯಲ್ಲಿ.

ಚರ್ಚಿನ ಅವಳಿ ಗೋಪುರಗಳ ಎತ್ತರ 175 ಅಡಿ. ಕಲೋನಿನದು 157 ಮೀಟರ್, ಅಂದರೆ ಹೆಚ್ಚುಕಡಿಮೆ ಮೂರು ಪಟ್ಟು. ಹಾಗಂತ ಮೈಸೂರಿನದು ಕುಬ್ಜವಾಗಿ ಕಾಣುವುದಿಲ್ಲ. ಗೋಥಿಕ್ ಶೈಲಿಯ ಚಮತ್ಕಾರವೇ ಅದು: ಮೊನಚು ಕಮಾನು, ಸಪೂರ ಕಂಬ, ಎಲ್ಲ ಗೆರೆಗಳೂ ಕಣ್ಣನ್ನು ಮೇಲಕ್ಕೇ ಎಳೆಯುತ್ತವೆ.

ನಮ್ಮ ಭಾಗದ ಶಹಾಬಾದ್, ವಾಡಿ, ನಾಲವಾರದ ಕಡೆಯ ಹಳೇ ಮನೆಗಳಲ್ಲಿ ಮಾಳಿಗೆಯ ಭಾರ ಹೊರುವುದು ದಪ್ಪ ಕಲ್ಲಿನ ಗೋಡೆ. ಕಿಟಕಿ ದೊಡ್ಡದು ಮಾಡಿದರೆ ಗೋಡೆ ಸೋಲುತ್ತದೆ. ಗೋಥಿಕ್ ಕಟ್ಟಡದ ಲೆಕ್ಕ ತಿರುವುಮುರುವು. ಮೊನಚು ಕಮಾನು ಭಾರವನ್ನು ಕಂಬಗಳ ಮೇಲೆ ಇಳಿಸುತ್ತದೆ, ನಡುವಿನ ಗೋಡೆಗೆ ಹೊರೆ ಕಡಿಮೆ. ಆ ಜಾಗಕ್ಕೆ ಬಣ್ಣದ ಗಾಜು ಬರುತ್ತದೆ. ಫಿಲೋಮಿನಾದ ಗಾಜುಗಳಲ್ಲಿ ಯೇಸುವಿನ ಜನನ, ಕೊನೆಯ ಭೋಜನ, ಶಿಲುಬೆ, ಪುನರುತ್ಥಾನ ಎಲ್ಲವೂ ಇವೆ. ಓದು ಬಾರದವನಿಗೂ ಬಿಸಿಲೇ ಕಥೆ ತೋರಿಸುತ್ತದೆ. ಬಲಿಪೀಠದ ಕೆಳಗಿನ ನೆಲಮಾಳಿಗೆಗೆ ಇಳಿದರೆ ಫಿಲೋಮಿನಾಳ ಪ್ರತಿಮೆ.

ಇಂಥ ದೊಡ್ಡ ಚರ್ಚಿನ ಕಥೆ ನಮ್ಮ ಭಾಗಕ್ಕೂ ದೂರದ್ದಲ್ಲ. ಸೇಡಂ, ಚಿಂಚೋಳಿಗಳಂತೆ ನಿಜಾಮರ ಸೀಮೆಗೇ ಸೇರಿದ್ದ ಮೆದಕ್‌ನಲ್ಲಿ ಚಾರ್ಲ್ಸ್ ವಾಕರ್ ಪಾಸ್ನೆಟ್ ಎಂಬ ಪಾದ್ರಿ ಕಟ್ಟಿಸಿದ ದೊಡ್ಡ ಚರ್ಚು 1924ರ ಡಿಸೆಂಬರ್ 25ರಂದು ಪ್ರತಿಷ್ಠೆಯಾಯಿತು. ಅದು ಕ್ಯಾಥೊಲಿಕರದ್ದಲ್ಲ, ಆಗ ಮೆಥಡಿಸ್ಟ್ ಮಿಷನ್ನಿನದಾಗಿತ್ತು. ಬರಗಾಲದಲ್ಲಿ ಹಸಿದವರಿಗೆ ಕೂಲಿ ಸಿಗಲೆಂದು ಕೆಲಸ ಹಿಡಿದರು ಎನ್ನುತ್ತಾರೆ. ಅದರ ಗೋಪುರವೂ ಸುಮಾರು 175 ಅಡಿಯೇ.

ಮೈಸೂರಿನ ಸಂತಳ ಕಥೆಯಲ್ಲಿ ಇನ್ನೊಂದು ತಿರುವಿದೆ. 1802ರಲ್ಲಿ ರೋಮಿನ ನೆಲದಡಿಯ ಸಮಾಧಿಯೊಂದರಲ್ಲಿ ಸಿಕ್ಕ ಎಲುಬುಗಳಿಂದಲೇ ಫಿಲೋಮಿನಾಳ ಭಕ್ತಿ ಹುಟ್ಟಿದ್ದು. ಆಕೆಯ ಬಗ್ಗೆ ಇತಿಹಾಸದ ಆಧಾರ ತೀರಾ ಕಡಿಮೆ. 1961ರಲ್ಲಿ ವ್ಯಾಟಿಕನ್ ಆಕೆಯ ಹಬ್ಬವನ್ನು ಚರ್ಚಿನ ಪಂಚಾಂಗದಿಂದ ತೆಗೆಸಿತು. ಈಗ ಕೆಥೆಡ್ರಲ್‌ನ ಅಧಿಕೃತ ಹೆಸರಿನಲ್ಲಿ ಸಂತ ಜೋಸೆಫರೂ ಇದ್ದಾರೆ. ಮೈಸೂರಿನ ಆಟೋದವರಿಗೆ ಮಾತ್ರ ಅದು ಇವತ್ತಿಗೂ ಫಿಲೋಮಿನಾ ಚರ್ಚೇ.