ಜ್ವರಕ್ಕೊಂದು ಅಳತೆ

ಮನೆಯಲ್ಲಿ ಯಾರಿಗಾದರೂ ಮೈ ಬಿಸಿಯಾದರೆ ನಾವು ಮೊದಲು ಮಾಡುವುದು ಹಣೆಯ ಮೇಲೆ ಕೈಯಿಟ್ಟು ನೋಡುವುದು. ಆ ಸ್ಪರ್ಶದಲ್ಲಿ ಅಂತಃಕರಣವಿದೆ. ಅಳತೆ ಮಾತ್ರ ಇಲ್ಲ. ಒಂದು ಕೈಯನ್ನು ತಣ್ಣೀರಿನಲ್ಲಿಯೂ ಇನ್ನೊಂದನ್ನು ಬಿಸಿನೀರಿನಲ್ಲಿಯೂ ಸ್ವಲ್ಪ ಹೊತ್ತು ಇರಿಸಿ, ಬಳಿಕ ಎರಡನ್ನೂ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದರೆ, ಅದೇ ನೀರು ಒಂದು ಕೈಗೆ ಬಿಸಿಯಾಗಿಯೂ ಮತ್ತೊಂದಕ್ಕೆ ತಣ್ಣಗೂ ತೋರುತ್ತದೆ. ಒಲೆಯ ಮುಂದಿನಿಂದ ಎದ್ದುಬಂದ ತಾಯಿಗೂ ಪಾತ್ರೆ ತೊಳೆದುಬಂದ ಅಜ್ಜಿಗೂ ಒಂದೇ ಮಗುವಿನ ಹಣೆ ಬೇರೆಬೇರೆಯಾಗಿ ತಿಳಿಯುವುದು ಇದೇ ಕಾರಣದಿಂದ. ಚಳಿಜ್ವರ ಏರುವಾಗಲಂತೂ ಕೈಕಾಲುಗಳು ತಣ್ಣಗಿದ್ದು ಒಡಲೊಳಗಿನ ಕಾವು ಹೆಚ್ಚುತ್ತಲೇ ಇರುತ್ತದೆ.

ಕಾವನ್ನು ಅಳೆಯುವ ಪ್ರಯತ್ನ ಹದಿನಾರನೆಯ ಶತಮಾನದ ಕೊನೆಯಲ್ಲಿ ಇಟಲಿಯಲ್ಲಿ ಮೊದಲಾಯಿತು. ಗೆಲಿಲಿಯೋ ಕಾಲದ ಉಪಕರಣವು ಉದ್ದ ಕತ್ತಿನ ಗಾಜಿನ ಬುರುಡೆ. ಅದನ್ನು ನೀರಿನಲ್ಲಿ ತಲೆಕೆಳಗಾಗಿ ನಿಲ್ಲಿಸಿದರೆ, ಒಳಗಿನ ಗಾಳಿ ಹಿಗ್ಗಿ ಕುಗ್ಗಿದಂತೆ ಕೊಳವೆಯ ನೀರು ಇಳಿದು ಏರುತ್ತಿತ್ತು. ಪಡುವಾ ನಗರದ ವೈದ್ಯ ಸಾಂಟೋರಿಯೋ ಅದಕ್ಕೆ ಅಳತೆಯ ಗೆರೆಗಳನ್ನು ಹಾಕಿ, ಬುರುಡೆಯನ್ನು ರೋಗಿಯ ಬಾಯಲ್ಲಿರಿಸಿ ನೋಡಿದನು. ಅಳತೆಯ ವಿಷಯದಲ್ಲಿ ಈತನಷ್ಟು ನಿಷ್ಠೆಯುಳ್ಳವರು ವಿರಳ: ತಕ್ಕಡಿಗೆ ತೂಗುಹಾಕಿದ ಕುರ್ಚಿಯಲ್ಲಿ ಕುಳಿತು, ತಾನು ತಿಂದದ್ದನ್ನೂ ವಿಸರ್ಜಿಸಿದ್ದನ್ನೂ ವರ್ಷಗಟ್ಟಲೆ ತೂಗಿ ನೋಡಿದವನು. ಆದರೆ ಅವನ ಉಪಕರಣದ ನೀರು ಹೊರಗಿನ ಗಾಳಿಗೆ ತೆರೆದಿದ್ದುದರಿಂದ ವಾಯುಭಾರ ಬದಲಾದರೂ ಅಳತೆ ತಪ್ಪುತ್ತಿತ್ತು. ಹದಿನೇಳನೆಯ ಶತಮಾನದ ನಡುವೆ ಫ್ಲಾರೆನ್ಸಿನಲ್ಲಿ ಮದ್ಯಸಾರ ತುಂಬಿ ಬಾಯಿ ಮುಚ್ಚಿದ ಕೊಳವೆಗಳು ಬಂದವು. 1714ರಲ್ಲಿ ಫ್ಯಾರನ್‌ಹೀಟ್ ಪಾದರಸವನ್ನು ಬಳಸಿದನು. 1742ರಲ್ಲಿ ಸ್ವೀಡನ್ನಿನ ಸೆಲ್ಸಿಯಸ್ ನೂರು ಭಾಗಗಳ ಮಾಪನವನ್ನು ಸೂಚಿಸಿದನು. ಅವನ ಲೆಕ್ಕದಲ್ಲಿ ನೀರು ಕುದಿಯುವುದು ಸೊನ್ನೆಯಲ್ಲಿ, ಹೆಪ್ಪುಗಟ್ಟುವುದು ನೂರರಲ್ಲಿ! ಅದನ್ನು ತಿರುಗಿಸಿದವರು ಅನಂತರದವರು.

ಉಪಕರಣ ಸಿದ್ಧವಾದರೂ ಅದು ರೋಗಿಯ ಹಾಸಿಗೆಯ ಬಳಿಗೆ ಬರಲು ಇನ್ನೂ ನೂರು ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು. ಜರ್ಮನಿಯ ಲೈಪ್‌ಜಿಗ್ ನಗರದ ವೈದ್ಯ ವುಂಡರ್ಲಿಖ್ ಬಳಸಿದ ಉಷ್ಣಮಾಪಕ ಸುಮಾರು ಒಂದು ಅಡಿ ಉದ್ದವಿತ್ತು; ಕಂಕುಳಲ್ಲಿ ಹದಿನೈದಿಪ್ಪತ್ತು ನಿಮಿಷ ಹಿಡಿದಿರಬೇಕಿತ್ತು. ಆ ತಾಳ್ಮೆಯಿಂದಲೇ ಆತನು ಸುಮಾರು 25,000 ರೋಗಿಗಳ ಕಾವನ್ನು ದಿನವೂ ಬರೆದಿಡಿಸಿ, 1868ರಲ್ಲಿ ಗ್ರಂಥವಾಗಿ ಪ್ರಕಟಿಸಿದನು. ಅಲ್ಲಿಯವರೆಗೆ ಜ್ವರವೇ ಒಂದು ರೋಗವೆಂದು ಎಣಿಸಿದ್ದವರಿಗೆ, ಜ್ವರವು ರೋಗದ ಲಕ್ಷಣ ಮಾತ್ರವೆಂದೂ ಬೇರೆಬೇರೆ ರೋಗಗಳಲ್ಲಿ ಅದರ ಏರಿಳಿತಕ್ಕೆ ಬೇರೆಬೇರೆ ನಡೆಯಿದೆಯೆಂದೂ ಮನವರಿಕೆಯಾಯಿತು. ವಿಷಮಶೀತ ಜ್ವರ ಮೆಟ್ಟಿಲು ಹತ್ತಿದಂತೆ ದಿನದಿನಕ್ಕೆ ಏರಬಹುದು. ಮಲೇರಿಯಾ ದಿನ ಬಿಟ್ಟು ದಿನ ಮರಳಬಹುದು. ಇದೇ ಕಾಲದಲ್ಲಿ ಇಂಗ್ಲೆಂಡಿನ ವೈದ್ಯ ಆಲ್ಬಟ್, ಆರು ಅಂಗುಲದ, ಐದು ನಿಮಿಷದಲ್ಲಿ ಕಾವು ತೋರಿಸುವ ಮಾಪಕವನ್ನು ಮಾಡಿಸಿದನು. ನಮ್ಮ ಮನೆಗಳ ಗಾಜಿನ ಕಡ್ಡಿ ಅದರ ವಂಶಕ್ಕೆ ಸೇರಿದ್ದು.

ವುಂಡರ್ಲಿಖ್ ಹೇಳಿದ ಸಹಜ ಕಾವು 37 ಡಿಗ್ರಿ ಸೆಲ್ಸಿಯಸ್. ಅದನ್ನು ಫ್ಯಾರನ್‌ಹೀಟಿಗೆ ಪರಿವರ್ತಿಸಿದಾಗ 98.6 ಎಂದಾಯಿತು. ದಶಾಂಶವನ್ನು ಕಂಡು ಇದು ಶಿಲಾಶಾಸನವೆಂದು ಭಾವಿಸಬಾರದು, ಅದೊಂದು ಸರಾಸರಿ. ಅಮೆರಿಕದಲ್ಲಿ 1992ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆರೋಗ್ಯವಂತರ ಸರಾಸರಿ 98.2 ಎಂದು ಕಂಡುಬಂದಿತು. ಬೆಳಗಿನ ಜಾವ ಮೈ ತಂಪಾಗಿದ್ದು ಸಂಜೆಗೆ ಕೊಂಚ ಏರುವುದು ದೇಹಧರ್ಮ. ಸಂಜೆ 99 ಕಂಡೊಡನೆ ಗಾಬರಿಯಿಂದ ಮಾತ್ರೆ ನುಂಗುವವರು ಇದನ್ನು ನೆನೆಯಬೇಕು. ಸಾಮಾನ್ಯವಾಗಿ ವೈದ್ಯರು ಜ್ವರವೆನ್ನುವುದು 100.4ರಿಂದ. ಮೂರು ತಿಂಗಳೊಳಗಿನ ಕೂಸಿಗೆ ಅಷ್ಟು ಬಂದರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಶರೀರವನ್ನು ಶಿವನ ಆಲಯವೆಂದು ಕಾಣುವ ಪರಂಪರೆಯವರು ನಾವು. ಅದರ ಕಾವನ್ನು ಅಂದಾಜಿಗೆ ಬಿಡುವುದು ತರವಲ್ಲ. ಬಿಸಿ ಕಾಫಿ, ತಣ್ಣೀರು ಕುಡಿದ ತರುವಾಯ ಕಾಲು ಗಂಟೆಯಾದರೂ ಬಿಟ್ಟು ನಾಲಿಗೆಯಡಿ ಮಾಪಕವನ್ನಿಡಬೇಕು. ಕಂಕುಳಿನಲ್ಲಿ ಇಟ್ಟರೆ ಬೆವರನ್ನು ಒರೆಸಿ ಇಡಬೇಕು. ಅಲ್ಲಿಯ ಅಳತೆ ಬಾಯಿಯದಕ್ಕಿಂತ ತುಸು ಕಡಿಮೆ. ಜ್ವರದ ಮಾತ್ರೆ ಕೊಡುವ ಮೊದಲೇ ನೋಡಿ, ವೇಳೆ, ಅಳತೆ, ಕೊಟ್ಟ ಔಷಧ ಮೂರನ್ನೂ ಒಂದು ಚೀಟಿಯಲ್ಲಿ ಬರೆದಿಡಬೇಕು. ಮೂರು ದಿನಗಳ ಅಂಥ ಚೀಟಿಯು ವೈದ್ಯರಿಗೆ, ‘ಜೋರು ಜ್ವರ ಬಂದಿತ್ತು’ ಎಂಬ ಮಾತಿಗಿಂತ ಎಷ್ಟೋ ಹೆಚ್ಚನ್ನು ತಿಳಿಸುತ್ತದೆ.

ಪಾದರಸದ ಕಾಲವೂ ಈಗ ಮುಗಿಯುತ್ತಿದೆ. ಅದರ ಆವಿ ವಿಷವಾದುದರಿಂದ 2013ರ ಮಿನಮಾಟಾ ಒಪ್ಪಂದದ ಮೂಲಕ ರಾಷ್ಟ್ರಗಳು ಇಂಥ ಮಾಪಕಗಳ ತಯಾರಿಕೆಯನ್ನು ನಿಲ್ಲಿಸಲು ಒಪ್ಪಿದವು. ವಿದ್ಯುನ್ಮಾನ ಮಾಪಕಗಳೇ ಈಗ ಸಾಕು. ಹಳೆಯ ಕಡ್ಡಿ ಕೈಜಾರಿ ಒಡೆದರೆ ಮಕ್ಕಳನ್ನು ದೂರವಿಟ್ಟು, ಕಿಟಕಿಗಳನ್ನು ತೆರೆಯಿರಿ. ಪೊರಕೆಯಿಂದ ಗುಡಿಸಬೇಡಿ, ಬರಿಗೈಯಿಂದ ಮುಟ್ಟಬೇಡಿ. ಹೊಳೆಯುವ ಗುಂಡುಗಳನ್ನು ದಪ್ಪ ಕಾಗದದಿಂದ ಒಟ್ಟುಗೂಡಿಸಿ, ಬಿಗಿ ಮುಚ್ಚಳದ ಸೀಸೆಯಲ್ಲಿ ಹಾಕಿಡಿ, ಬಚ್ಚಲಿಗೆ ಚೆಲ್ಲಬೇಡಿ.