ಚಿತ್ರದುರ್ಗ ಸೀಮೆಯ ಮಾಳಿಗೆ ಮನೆ: ವಸ್ತು, ಶ್ರಮ ಮತ್ತು ಮರುಬಳಕೆ

ಜನಪದ ವಾಸ್ತುವನ್ನು ಕುರಿತ ಅಧ್ಯಯನಗಳು ಸಾಮಾನ್ಯವಾಗಿ ಮನೆಯ ಆಯ, ಆಕಾರ ಹಾಗೂ ಗೃಹಪ್ರವೇಶದ ಆಚರಣೆಗಳಿಗೆ ಒತ್ತು ನೀಡುತ್ತವೆ. ಮನೆಯ ಸಾಮಗ್ರಿ ಎಲ್ಲಿಂದ ಬಂದಿತು, ಮನೆ ಬಿದ್ದ ಮೇಲೆ ಎಲ್ಲಿಗೆ ಹೋಯಿತು ಎಂಬ ಪ್ರಶ್ನೆ ಹಿಂದೆ ಉಳಿಯುತ್ತದೆ. ಕಟ್ಟಡಗಳ ಇಂಗಾಲದ ಹೊರೆಯನ್ನು ತಗ್ಗಿಸುವ ಚರ್ಚೆ ನಡೆದಿರುವ ಇಂದು ಈ ಪ್ರಶ್ನೆಗೆ ವಿಶೇಷ ಮಹತ್ವವಿದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ಭಾಗದ ಮಾಳಿಗೆ ಮನೆಗಳು ಅದಕ್ಕೆ ಒಂದು ಉತ್ತರವನ್ನು ಒಳಗೊಂಡಿವೆ.

ಮಾಳಿಗೆ ಮನೆಯ ಅಳತೆ ಅಂಕಣದ ಲೆಕ್ಕದ್ದು. ತುಳಿದು ಹದಗೊಳಿಸಿದ ಮಣ್ಣನ್ನು ಒಂದರ ಮೇಲೊಂದು ವರಸೆಯಾಗಿ ಇಟ್ಟು, ಪ್ರತಿ ವರಸೆ ಒಣಗಿದ ಮೇಲೆ ಮುಂದಿನದನ್ನು ಏರಿಸಿ ಗೋಡೆ ಕಟ್ಟಲಾಗುತ್ತಿತ್ತು. ಕಂಬಗಳ ಮೇಲೆ ತೊಲೆ, ತೊಲೆಗಳ ಮೇಲೆ ಜಂತೆ, ಅದರ ಮೇಲೆ ಕಡ್ಡಿ ಹಾಗೂ ಬಂದರೆಯಂತಹ ಗುಡ್ಡದ ಸೊಪ್ಪು, ಅದರ ಮೇಲೆ ಮಣ್ಣು. ಎಲ್ಲಕ್ಕೂ ಮೇಲಿನ ಪದರ ಕರಲು ಮಣ್ಣಿನದು. ಬೇಸಾಯಕ್ಕೆ ಒದಗದ ಈ ಕ್ಷಾರ ಮಣ್ಣಿನಲ್ಲಿ ಸೋಡಿಯಂ ಅಂಶ ಹೆಚ್ಚು. ನೀರು ತಾಗಿದೊಡನೆ ಜೇಡಿಯ ಕಣಗಳು ಬಿಡಿಬಿಡಿಯಾಗಿ ಚದುರಿ ರಂಧ್ರಗಳನ್ನು ಮುಚ್ಚುವುದರಿಂದ ನೀರು ಒಳಗಿಳಿಯದೆ ಹರಿದುಹೋಗುತ್ತದೆ. ಹೊಲಕ್ಕೆ ಶಾಪವಾದದ್ದು ಮಾಳಿಗೆಗೆ ರಕ್ಷೆಯಾದದ್ದು ಹೀಗೆ.

ಮನೆ ಹಳತಾದಾಗಲೂ ಅದರ ಸಾಮಗ್ರಿ ವ್ಯರ್ಥವಾಗುತ್ತಿರಲಿಲ್ಲ. ಕಂಬ, ತೊಲೆ, ಬಾಗಿಲುವಾಡಗಳು ಹೊಸ ಮನೆಗೆ, ಸವೆದ ಜಂತೆಗಳು ಕೊಟ್ಟಿಗೆಗೆ ಸಲ್ಲುತ್ತಿದ್ದವು. ಗೋಡೆಯ ಮಣ್ಣನ್ನು ನೆನೆಸಿ ಮತ್ತೆ ತುಳಿಯಬಹುದಾಗಿತ್ತು. ಉಳಿದದ್ದು ಗೊಬ್ಬರವಾಗಿ ಹೊಲ ಸೇರುತ್ತಿತ್ತು. ಮತ್ತೆ ಮತ್ತೆ ಕಟ್ಟುವುದನ್ನು ಈ ಸೀಮೆಯ ಜನಪದರು ಕೊರತೆಯೆಂದು ಎಣಿಸಲಿಲ್ಲ. ನೆರೆಯ ಚಳ್ಳಕೆರೆ ತಾಲ್ಲೂಕಿನ ಕ್ಯಾತಪ್ಪನ ಜಾತ್ರೆಯಲ್ಲಿ ಕಾಡುಗೊಲ್ಲರು ದೇವರ ಗುಡಿಯನ್ನೇ ಬಾರೆಮುಳ್ಳಿನಿಂದ ಹೊಸದಾಗಿ ಕಟ್ಟುವುದು ಈ ಮನೋಧರ್ಮಕ್ಕೆ ನಿದರ್ಶನ.

ಮಣ್ಣು ಬಾಳಿಕೆ ಬಾರದ ವಸ್ತುವೆಂಬ ಅಭಿಪ್ರಾಯ ಪೂರ್ಣ ಸತ್ಯವಲ್ಲ. ಚಿತ್ರದುರ್ಗದ ಪಾಳೆಯಗಾರರ ಆಳ್ವಿಕೆ 1779ರಲ್ಲಿ ಕೊನೆಗೊಂಡಿತು. ಅವರ ಕೋಟೆಯೊಳಗೆ ಮಾಡು ಕಳೆದುಕೊಂಡ ಮಣ್ಣಿನ ಗೋಡೆಗಳು ಇಂದಿಗೂ ನಿಂತಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಬಿ.ವಿ. ವೆಂಕಟರಾಮ ರೆಡ್ಡಿ ಮತ್ತು ಕೆ.ಎಸ್. ಜಗದೀಶ್ ಅವರ 2003ರ ಅಧ್ಯಯನವು, ಸಿಮೆಂಟು ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆಯೇ ಮೊದಲಾದ ಪರ್ಯಾಯ ಸಾಮಗ್ರಿಗಳಿಂದ ಕಟ್ಟಡಕ್ಕೆ ತಗಲುವ ಶಕ್ತಿಯನ್ನು ಶೇ. 50ರಷ್ಟು ಇಳಿಸಬಹುದೆಂದು ತೋರಿಸಿತು. ಜಗತ್ತಿನ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಸಿಮೆಂಟ್ ಉದ್ಯಮದ ಪಾಲು ಸುಮಾರು ಶೇ. 7ರಿಂದ 8 ಎಂಬುದನ್ನು ಇದರೊಡನೆ ಗಮನಿಸಬೇಕು.

ಆದರೂ ಮಾಳಿಗೆ ಮನೆ ಹಿಂದೆ ಸರಿಯುತ್ತಿರುವುದಕ್ಕೆ ಮುಖ್ಯ ಕಾರಣ ಅದು ಬೇಡುವ ಶ್ರಮ. ಮಳೆಗಾಲಕ್ಕೆ ಮೊದಲು ಮಾಳಿಗೆಗೆ ಕರಲು ಹಾಕಬೇಕು, ಬಿರುಕು ಮುಚ್ಚಬೇಕು. ಇಂತಹ ಕೆಲಸಕ್ಕೆ ಮುಯ್ಯಾಳು ಪದ್ಧತಿ ನೆರವಾಗುತ್ತಿತ್ತು. ಗೋಡೆಗೆ ಕೆಮ್ಮಣ್ಣು ಬಳಿಯುವ, ನೆಲ ಸಾರಿಸುವ ಹೊಣೆ ಹೆಂಗಸರದೇ ಆಗಿತ್ತು. ಮುಯ್ಯಾಳು ಕೂಲಿಯಾಗಿ, ಗುಡ್ಡ ಗೋಮಾಳಗಳು ಕೈಗೆಟುಕದಂತಾದಾಗ, ಬಿಟ್ಟಿ ದೊರೆಯುತ್ತಿದ್ದ ಮನೆ ದುಬಾರಿಯಾಯಿತು. ಸೋರುವ ಮಾಳಿಗೆಯನ್ನು ಬಿಟ್ಟು ಆರ್‌ಸಿಸಿ ಸೂರನ್ನು ಆಯ್ದುಕೊಂಡವರನ್ನು ಆಕ್ಷೇಪಿಸುವಂತಿಲ್ಲ.

ಮತ್ತೊಂದು ಕಾರಣ ಆಡಳಿತದ ಪರಿಭಾಷೆ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯಲ್ಲಿ ‘ಕಚ್ಚಾ’ ಗೋಡೆ, ‘ಕಚ್ಚಾ’ ಮಾಡುಗಳು ವಸತಿಯ ಕೊರತೆಯ ಗುರುತುಗಳಾಗಿವೆ. ಬಡವನಿಗೆ ಸುಭದ್ರ ಮನೆ ದೊರೆಯಬೇಕೆಂಬ ಆಶಯ ನ್ಯಾಯವಾದುದೇ. ಆದರೆ ಮಣ್ಣಿನ ಗೋಡೆ ಬಡತನದ ಸಾಕ್ಷ್ಯವಾಗಿಯೇ ಉಳಿದರೆ ಅದನ್ನು ಕಟ್ಟುವ ಅರಿವು ಅವಮಾನಕ್ಕೆ ಗುರಿಯಾಗುತ್ತದೆ. ಅದೇ ಹೊತ್ತಿಗೆ ಹಳ್ಳಿಯ ಹಳೆಯ ಕಂಬ, ಬಾಗಿಲುಗಳು ನಗರದ ಉಳ್ಳವರ ಮನೆಗಳಿಗೆ ಅಲಂಕಾರವಾಗಿ ಸಾಗುತ್ತವೆ. ವಸ್ತುವಿಗೆ ಬೆಲೆ ಬರುತ್ತದೆ, ಬಲ್ಲವನಿಗೆ ಬರುವುದಿಲ್ಲ.

ಆದುದರಿಂದ ಮಾಳಿಗೆ ಮನೆಯ ದಾಖಲಾತಿ ಅದರ ಚಿತ್ರ ಮತ್ತು ನಕ್ಷೆಗಳಿಗೆ ಸೀಮಿತವಾಗಬಾರದು. ಯಾವ ಮಣ್ಣು ಎಲ್ಲಿಯದು, ಯಾವ ಹದದ್ದು, ದುರಸ್ತಿಗೆ ಎಷ್ಟು ಆಳು, ಎಷ್ಟು ದಿನ ಎಂಬ ವಿವರಗಳನ್ನು ಕಟ್ಟಬಲ್ಲ ಹಿರಿಯರಿಂದಲೇ ಸಂಗ್ರಹಿಸಬೇಕಾಗಿದೆ. ವಾರ್ಷಿಕ ದುರಸ್ತಿಯ ಶ್ರಮಕ್ಕೆ ಕೂಲಿಯ ಏರ್ಪಾಡು ಇಲ್ಲದೆ ವಸ್ತುವನ್ನಷ್ಟೇ ಪುನರುಜ್ಜೀವಿಸುವ ಯತ್ನ ಮೊದಲ ಮಳೆಗಾಲಗಳಲ್ಲಿಯೇ ಸೋಲುವ ಸಂಭವವಿದೆ.